ಪವನನಿಗೆ ನೀರು ಯಾಕೆ ಕೊಡಬಾರದಿತ್ತು?

ನೀರು ಒಳ್ಳೇದು ಅನ್ನೋದನ್ನ ಯಾರಾದ್ರೂ ಪ್ರಶ್ನೆ ಮಾಡ್ತಾರಾ? ನಾನೂ ಮಾಡಿರಲಿಲ್ಲ. (ಜ್ಯೋತಿಷ್ಯ, ವಾಸ್ತು, ಆಫೀಸಿನ ಅಪ್ರೈಸಲ್, ಎಲ್ಲದರ ಜೊತೆ ವಾದಕ್ಕೆ ಬಿದ್ದವಳು ನಾನು.) ಕಳೆದ ಭಾನುವಾರದ ತನಕ.

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಮಧ್ಯಾಹ್ನದ ಪೂಲ್ ಪಾರ್ಟಿ. ಗೆಳೆಯ ಪವನ ಯಾರೋ ಕೊಟ್ಟ ಎಕ್ಸ್‌ಟಸಿ ಅನ್ನೋ ನಶೆ ಮಾತ್ರೆ ನುಂಗಿ ಕುಣಿದ, ಬೆವರಿದ. "ಡೀಹೈಡ್ರೇಟ್ ಆಗ್ತೀಯ ಮಗಾ, ಕುಡಿ" ಅಂತ ಅವನ ರೂಮ್‌ಮೇಟ್ ಸಂದೀಪ ಬಾಟಲಿ ಮೇಲೆ ಬಾಟಲಿ ನೀರು ಕುಡಿಸಿದ.

ಸಂಜೆಗೆ ತಲೆನೋವು, ವಾಂತಿ, ತೊದಲು. ನನ್ನನ್ನೇ ಗುರುತಿಸಲಿಲ್ಲ. ಆಸ್ಪತ್ರೆಗೆ ಓಡಿದೆವು. ಪ್ರತಿ ಭಾನುವಾರದ ಹಾಗೆ ಜಾಲಹಳ್ಳಿಯಿಂದ ಮಗನಿಗೆ ಹುಳಿ ಹೊತ್ತು ತಂದಿದ್ದ ಅವನ ಅಮ್ಮನೂ ಜೊತೆಗೆ.

"ಏನಾದ್ರೂ ತಗೊಂಡಿದ್ರಾ?" ಅಂದ್ರು ಡಾಕ್ಟರು.

"ಫುಡ್ ಪಾಯ್ಸನ್ ಸಾರ್. ಪನೀರು" ಅಂದ ಸಂದೀಪ. (ಪಾಪ, ನಮ್ಮ ತಲೆಮಾರಿನ ಎಷ್ಟು ತಪ್ಪು ಹೊರಬೇಕೋ ಆ ಪನೀರು!)

ಅಮ್ಮ ಬಾಟಲಿ ಮುಚ್ಚಳ ಬಿಚ್ಚಿದ್ರು. "ವಾಂತಿಯಾಗಿ ಸೊರಗಿದೀಯ ಕಂದ, ಒಂದು ಗುಟುಕು ಕುಡಿಯೋ."

ನಾನು ಬಾಯಿ ತೆರೆದೆ. ಸಂದೀಪ ಕಾಲು ತುಳಿದ. "ಅಮ್ಮ ಇದಾರೆ ಕಣೇ! ತಡ್ಕೊಳಲ್ಲ ಅವ್ರು."

"ಇವ್ನು ತಡ್ಕೋತಾನಾ?" ಅಂದವಳೇ ಡಾಕ್ಟರಿಗೆ ಎಲ್ಲಾ ಹೇಳಿಬಿಟ್ಟೆ. ಮಾತ್ರೆ, ಆಮೇಲಿನ ನೀರು.

"ಮೊದಲು ಆ ನೀರು ನಿಲ್ಸಿ!" ಅಂದ್ರು ಡಾಕ್ಟರು.

ಕಾರಣ ಆಮೇಲೆ ವಿವರಿಸಿದ್ರು. ಮೈಯಲ್ಲಿ ನೀರು ಉಳಿಸೋಕೆ ಮೆದುಳು ವ್ಯಾಸೊಪ್ರೆಸಿನ್ ಅನ್ನೋ ಹಾರ್ಮೋನ್ ಬಿಡುತ್ತೆ. ಈ ಮಾತ್ರೆ ಅದನ್ನ ಬೇಡದಾಗಲೂ ಬಿಡಿಸುತ್ತೆ. ಆಗ ಕಿಡ್ನಿ ನೀರನ್ನ ಸರಿಯಾಗಿ ಹೊರಹಾಕಲ್ಲ. ಮೇಲಿಂದ ಸುರೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಕುಸಿದು ಮೆದುಳು ಊದಿಕೊಳ್ಳುತ್ತೆ. ಪವನನ ರಕ್ತದ ರಿಪೋರ್ಟೂ ಅದನ್ನೇ ಹೇಳಿತು. (ಬೆವರಿದವರು ನೀರೇ ಮುಟ್ಟಬಾರದು ಅಂತಲ್ಲ ಕಣ್ರೀ. ಹೀಗೆ ಒತ್ತಾಯದಿಂದ ಕುಡಿಸೋದು ಉಪಚಾರ ಅಲ್ಲ.)

ಅಮ್ಮ? ಅವರು ಅಳಲಿಲ್ಲ, ಕುಸಿಯಲಿಲ್ಲ. ಡಾಕ್ಟರು ನಿಲ್ಸಿ ಅಂದ ಕ್ಷಣವೇ ಬಾಟಲಿ ಮುಚ್ಚಿ, ಅವರನ್ನ ಕೇಳಿದ್ದು ಒಂದೇ: "ಮತ್ತೆ ಯಾವಾಗ ಕೊಡ್ಬೋದು ಸಾರ್?"

ಬೈಗುಳ ಡಿಸ್ಚಾರ್ಜ್ ಆದಮೇಲೆ ಬಂತು, ಧಾರಾಳವಾಗಿ. ಪವನ ಈಗ ಜಾಲಹಳ್ಳಿಯಲ್ಲಿ ಬೈಸಿಕೊಳ್ತಾ ದೋಸೆ ತಿಂತಿದ್ದಾನೆ. ಒಂದು ದೋಸೆಗೆ ಒಂದು ಬೈಗುಳ, ಚಟ್ನಿ ಬೇರೆ. ಇಬ್ಬರೂ ಆರಾಮ.

ಅಷ್ಟಕ್ಕೂ, ಆ ಪನೀರಿನ ಸುಳ್ಳು ಹೇಳಿ ನಾವು ಕಾಪಾಡೋಕೆ ಹೊರಟಿದ್ದು ಯಾರನ್ನ?