ಕೇಶ್ವಾಪುರಕ್ಕೆ ನೀರು ಬಿಡುತ್ತಿದ್ದ ಸುನಂದಾ ಆಂಟಿ

“ಕೇಶ್ವಾಪುರಕ್ಕ ನೀರ ಬಂತು! ವಿದ್ಯಾನಗರಕ್ಕ ನೀರ ಬಂತು! ಏ ಉಣಕಲ್, ನಿಂದೂ ಬರ್ತೈತಿ, ತಡಿ!”

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಬಾಡಿಗೆ ಮನೆಗೆ ನಾವು ಬಂದ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ಈ ಕೂಗು ಕೇಳಿ ನನ್ನ ಕೈಯಲ್ಲಿದ್ದ ಕಾಫಿ ಲೋಟ ಜಾರುವುದರಲ್ಲಿತ್ತು. ಪಕ್ಕದಲ್ಲಿ ಕನ್ನಡದವರಿದ್ದಾರೆಂದೇ ಗೊತ್ತಿರಲಿಲ್ಲ. ಇಣುಕಿದರೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ. ನೈಟಿಯ ಮೇಲೆ ಗಂಡಸರ ಮಳೆಕೋಟು ತೊಟ್ಟ ಹೆಂಗಸೊಬ್ಬರು ಹಬೆಯಾಡುವ ಕೆಟಲ್ ಹಿಡಿದು ಕೋಳಿಗಳ ನಡುವೆ ನಿಂತಿದ್ದಾರೆ. ಕೋಳಿಗಳ ಮೇಲೇ ಸುರಿಯುತ್ತಾರೆ ಎಂದುಕೊಂಡು “ಆಂಟೀ, ಬೇಡಿ!” ಎಂದು ಕಿರುಚಿಬಿಟ್ಟೆ.

ಅವರು ನಿಧಾನವಾಗಿ ತಿರುಗಿದರು. “ಯಾಕವ್ವಾ, ನಿನಗೂ ಬೇಕೇನು ಬಿಸಿನೀರು?”

ಅವರೇ ಸುನಂದಾ ಆಂಟಿ. ಹುಬ್ಬಳ್ಳಿಯವರು, ಆಸ್ಪತ್ರೆಯೊಂದರ ಹೃದ್ರೋಗ ವಾರ್ಡಿನಲ್ಲಿ ನರ್ಸ್. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು; ಆ ಮಳೆಕೋಟು ಗಂಡನದೇ. ಮಗಳು ಅನು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಕೆಲಸದಲ್ಲಿದ್ದಳು. ಆಂಟಿ ಮೊಟ್ಟೆ ಮುಟ್ಟುವವರಲ್ಲ, ಕೇಕ್ ಕೊಟ್ಟರೂ “ಇದಕ್ಕ ಹಾಕ್ಯಾರೇನು?” ಎಂದು ಕೇಳುವವರು. ಕೋಳಿಗಳನ್ನು ಬಿಟ್ಟುಹೋದವರು ಹಿಂದೆ ಆ ಮನೆಯಲ್ಲಿದ್ದವರು. ಮನೆಯ ಜೊತೆ ಬಂದ ಜೀವಗಳಿಗೆ ಆಂಟಿ ತಾವು ಬೆಳೆದ ಊರಿನ ಬಡಾವಣೆಗಳ ಹೆಸರಿಟ್ಟಿದ್ದರು. ಮೊಟ್ಟೆಗಳು ಬೀದಿಯವರ ಪಾಲಾಗುತ್ತಿದ್ದವು.

“ಹುಬ್ಬಳ್ಳ್ಯಾಗ ನಮ್ಮ ಓಣಿಗೆ ನೀರು ವಾರಕ್ಕೊಮ್ಮೆ ಬರ್ತಿತ್ತು. ಕೊಡ ಇಟಗೊಂಡು ಕಾಯೋದ ಒಂದು ಕೆಲಸ. ಇಲ್ಲಿ ನೀರು ಐತಿ, ಆದ್ರ ಕಲ್ಲಾಗಿ ಕುಂತೈತಿ ನೋಡು,” ಎನ್ನುತ್ತ ಬೋಗುಣಿಯ ಮೇಲಿನ ತೆಳು ಮಂಜುಗಡ್ಡೆಯನ್ನು ಸೌಟಿನ ಹಿಡಿಯಿಂದ ಒಡೆಯುತ್ತಿದ್ದರು. ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ, ಎಳೆಗೂಸಿಗೆ ಹದ ನೋಡುವಂತೆ ನೋಡಿ ಆಮೇಲೆ ಸುರಿಯುವುದು. ತಗಡಿನ ಪಾತ್ರೆ ಬೇಗ ತಣಿಯುತ್ತದೆಂದು ಕಪ್ಪು ರಬ್ಬರಿನ ಬೋಗುಣಿ, ಅದೂ ಬೆಳಗಿನ ಬಿಸಿಲು ಮೊದಲು ಬೀಳುವ ಗೋಡೆಯ ಬುಡದಲ್ಲಿ. “ಕಾಳಿಲ್ಲದ ಒಂದ ದಿನಾ ತಡೀತಾವ. ನೀರಿಲ್ಲದ ತಡ್ಯಾಂಗಿಲ್ಲ. ಬಾಯಿ ಬಿಟ್ಟು ಕೇಳಾಕೂ ಬರಂಗಿಲ್ಲ ಅವಕ್ಕ.” ಡ್ಯೂಟಿ ಮುಗಿಸಿ ಎಷ್ಟು ದಣಿದು ಬಂದರೂ ಮೊದಲು ಹಿತ್ತಲು, ಆಮೇಲೆ ಮನೆ.

ಹತ್ತಿರದ ದಿ ಪಾಂಡ್ಸ್ ಬಡಾವಣೆಯಲ್ಲಿ ಗೆಳೆಯರ ಮಗುವಿನ ಬರ್ತ್‌ಡೇಗೆ ಒಮ್ಮೆ ಆಂಟಿ ನಮ್ಮ ಕಾರಿನಲ್ಲೇ ಬಂದಿದ್ದರು. ಊಟದ ಮಧ್ಯೆ ನನ್ನ ಗಂಡ ಪ್ರಸನ್ನ ಎದೆ ಒತ್ತಿಕೊಂಡ. ನಾನು ಗಮನಿಸಿರಲಿಲ್ಲ, ಆಂಟಿ ಕೋಣೆಯ ಆ ತುದಿಯಿಂದ ನೋಡಿದ್ದರು. ನೇರ ಬಂದು ಅವನ ಕೈಯಿಂದ ತಟ್ಟೆ ಕಿತ್ತುಕೊಂಡರು.

“ಏಳು. ಗಾಡಿ ಹತ್ತು.”

“ಏನಿಲ್ಲ ಆಂಟಿ, ಗ್ಯಾಸು. ಬೋಂಡ ಜಾಸ್ತಿ ಆಯ್ತು.”

“ಗ್ಯಾಸು ಅಂದವರನ್ನ ಭಾಳ ಮಂದಿ ನೋಡೀನಿ. ಕೆಲವರನ್ನ ಹೆಣಾ ಆದಮ್ಯಾಲೂ ನೋಡೀನಿ. ಏಳತೀಯೋ ಎಳೀಲೋ?”

ಅಷ್ಟು ಜನರ ಮುಂದೆ ‘ಹೆಣ’ ಎಂದದ್ದಕ್ಕೆ ಎಲ್ಲರೂ ಬೆಚ್ಚಿದರು. ನನಗೆ ಸಿಟ್ಟೇ ಬಂತು. ಆದರೆ ಆಸ್ಪತ್ರೆಯಲ್ಲಿ ಅಂದೇ ಸ್ಟೆಂಟ್ ಹಾಕಬೇಕಾಯಿತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದಾಗ ನಾನು ಆಂಟಿಯ ಹೆಗಲಿಗೆ ಒರಗಿ ಅತ್ತೆ. ಅವರು ನನ್ನ ಬೆನ್ನು ತಟ್ಟಿ, “ನಿನ್ನ ಗಂಡ ಗಟ್ಟಿ ಅದಾನ. ಬೋಂಡಾ ಒಂದ ಬಿಡಸು,” ಎಂದರು.

ಕಳೆದ ಜುಲೈನಲ್ಲಿ, ಇಲ್ಲಿಯ ನಡುಚಳಿಗಾಲದಲ್ಲಿ, ಅನು ಬೇರೆ ಬಾಡಿಗೆ ಮನೆಗೆ ಹೋಗುವವಳಿದ್ದಳು. ಸಾಮಾನು ಕಟ್ಟಲು ಸಹಾಯಕ್ಕೆಂದು ಆಂಟಿ ಕ್ಲೇಟನ್‌ಗೆ ಹೊರಟರು. ಕೋಳಿಗಳು ನನ್ನ ಪಾಲಿಗೆ ಬಂದವು. ದಿನಾ ಬೆಳಿಗ್ಗೆ ವಿಡಿಯೋ ಕಾಲ್. ನನ್ನ ಮುಖ ಅವರಿಗೆ ಬೇಕಿರಲಿಲ್ಲ. “ನೀರ ತೋರಸು. ಹತ್ರ. ಇನ್ನೂ ಹತ್ರ.”

ಆ ಗುರುವಾರವೂ ಹಾಗೆಯೇ. ಹಿಂದಿನ ರಾತ್ರಿ ಚಳಿ ವಿಪರೀತವಿತ್ತು. ಮಂಜುಗಡ್ಡೆ ಒಡೆದು ಬೆಚ್ಚನೆಯ ನೀರು ಹಾಕಿ ಫೋನನ್ನು ಬೋಗುಣಿಯ ಮೇಲೆ ಹಿಡಿದೆ. ಉಣಕಲ್ ಕೊಕ್ಕು ಅದ್ದಿ ತಲೆಯೆತ್ತಿ ನುಂಗಿತು. ಆಂಟಿಯ ಹಣೆ ಹೊಳೆಯುತ್ತಿತ್ತು; ಮನೆಯೊಳಗೆ ಹೀಟರ್ ಜೋರಾಗಿರಬೇಕು ಎಂದುಕೊಂಡೆ.

“ಹಾಂ, ಕುಡೀತು. ಸಾಕು ಬಿಡವ್ವಾ,” ಎಂದರು. ಕಾಲ್ ಕಟ್ ಆಯಿತು.

ಮಧ್ಯಾಹ್ನ ಮನೆಯಿಂದಲೇ ಮೀಟಿಂಗಿನಲ್ಲಿದ್ದಾಗ ಅನು ಫೋನ್ ಮಾಡಿದಳು. “ಶುಭಾ ಆಂಟಿ, ಅಮ್ಮಾ ಈಸ್ ಗಾನ್.”

“ಎಲ್ಲಿಗೆ ಹೋದ್ರು?” ಎಂದು ಕೇಳಿದೆ.

“ಒಬ್ಬರೇ ಹೋದ್ರಾ? ಫೋನ್ ತಗೊಂಡಿಲ್ವಾ?” ಎಂದೂ ಕೇಳಿದೆ. ಬೆಳಿಗ್ಗೆ ನೋಡಿದ ಮುಖ ಅದು, ಬೆಳಿಗ್ಗೆ ಕೇಳಿದ ದನಿ. ಅವಳು ಬಿಕ್ಕಿದ ಮೇಲೂ ನನ್ನ ತಲೆಗೆ ಹತ್ತಲಿಲ್ಲ. ಅವಳು ಮತ್ತೆ ಹೇಳಿದಳು, ಬಿಡಿಸಿ ಹೇಳಿದಳು. ಲ್ಯಾಪ್‌ಟಾಪಿನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು. ಎದ್ದು ಹೋಗಿ ಅಡುಗೆಮನೆಯ ಸಿಂಕ್ ಹಿಡಿದು ನಿಂತದ್ದಷ್ಟೇ ನೆನಪಿದೆ.

ಕೋಳಿಗಳನ್ನು ಪ್ರಸನ್ನನಿಗೆ ಒಪ್ಪಿಸಿ ಮೆಲ್ಬರ್ನ್‌ಗೆ ಹಾರಿದೆ. ಅಂತ್ಯಕ್ರಿಯೆ ಮುಗಿದು ಜನರೆಲ್ಲ ಹೋದ ಮೇಲೆ, ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ಅನು ಬಾಯಿಬಿಟ್ಟಳು. ಇಂಗ್ಲಿಷ್ ಬೆರೆಸಿಯೇ ಹೇಳಿದಳು. ಅಮ್ಮನಿಗೆ ನೋವು ಶುರುವಾದದ್ದು ಏಳುವಾಗಲೇ. ಆಂಬುಲೆನ್ಸ್ ಕರೆಯುತ್ತೇನೆ ಎಂದರೆ, ಆಸ್ಪತ್ರೆ ಇಲ್ಲೇ ಇದೆಯಲ್ಲ, ನೀರು ನೋಡಿಯೇ ಹೋಗೋಣ ಎಂದರಂತೆ.

“ಐ ಹೆಲ್ಡ್ ದ ಫೋನ್, ಆಂಟಿ. ಅಮ್ಮನ ಎಡಗೈ ಮೇಲಕ್ಕೆ ಬರ್ತಾನೇ ಇರಲಿಲ್ಲ.”

ಪರದೆಯಲ್ಲಿ ಮುಖ ಮಾತ್ರ ಕಂಡಿತ್ತು. ಫೋನ್ ಹಿಡಿದಿದ್ದ ಕೈ ಯಾರದೆಂದು ನನಗೆ ಹೇಗೆ ಗೊತ್ತಾಗಬೇಕು? ಪ್ರಸನ್ನನ ಕೈಯಿಂದ ತಟ್ಟೆ ಕಿತ್ತುಕೊಂಡಿದ್ದ ಹೆಂಗಸು ತಮ್ಮ ನೋವಿಗೆ ಮಾತ್ರ ‘ತಡಿ’ ಎಂದಿದ್ದರು. ಆಸ್ಪತ್ರೆಯ ಬಾಗಿಲು ತಲುಪುವ ಮೊದಲೇ, ಕಾರಿನಲ್ಲೇ ಅವರ ತಲೆ ವಾಲಿತಂತೆ.

“ಕಾರಲ್ಲಿ ಒಂದೇ ವರ್ಡ್ ಹೇಳ್ತಾ ಇದ್ರು,” ಎಂದಳು ಅನು. “ಜ್ವಾಕಿ, ಜ್ವಾಕಿ ಅಂತ. ಯಾರನ್ನೂ ಕೇಳೋಕೆ ಧೈರ್ಯ ಬರಲಿಲ್ಲ. ವಾಟ್ ಇಸ್ ಇಟ್?”

“ಜೋಪಾನ ಅಂತ. ಹುಷಾರಾಗಿ ನೋಡ್ಕೋ ಅಂತ.”

“ಕೋಳಿಗಳನ್ನಾ?”

ಆ ಪ್ರಶ್ನೆ ಅವಳನ್ನು ಎಷ್ಟು ದಿನ ತಿಂದಿತ್ತೋ. ಕೊನೆಯ ಉಸಿರಿನಲ್ಲೂ ತಾಯಿಯ ಚಿಂತೆ ಹಿತ್ತಲಿನದೇ ಇತ್ತೇನೋ ಎಂಬ ಹೆದರಿಕೆ.

“ಅಲ್ಲ ಕಣೇ,” ಎಂದೆ. “ಅವು ನೀರು ಕುಡಿದದ್ದನ್ನ ನೋಡಿ, ಸಾಕು ಬಿಡು ಅಂದಿದ್ರು. ಅವುಗಳ ಚಿಂತೆ ಅಲ್ಲಿಗೆ ಮುಗಿದಿತ್ತು. ಕಾರಲ್ಲಿ ಇದ್ದವಳು ನೀನೊಬ್ಬಳೇ. ನಿಂಗೇ ಹೇಳಿದ್ದು.”

ಅನು ಗೋಡೆಗೆ ಒರಗಿ ನೆಲದ ಮೇಲೆ ಕುಸಿದಳು. ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಆ ಮಾತನ್ನು ತನ್ನ ಬಾಯಲ್ಲಿ ಹೇಳಿ ನೋಡಿದಳು, “ಜಾಕಿ... ಜಾಕಿ.” ನಾನು ತಿದ್ದಲಿಲ್ಲ.