ಮೇಲೆ ಹರಿಯುವ ಹೊಳೆ

ಬಾಯಿಂದ ಎಂದೂ ಕರೆಯದ ಹೆಸರು, ಈಗ ಬರೆಯುತ್ತೇನೆ. ಗುರಲಿಂಗಪ್ಪ. ನನ್ನ ಗಂಡ. ಇಂಡಿ ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಇಬ್ಬರೂ ನಿಂಬೆ ತೋಟಕ್ಕೆ ಕೂಲಿಗೆ ಹೋದೆವು. ಅವರು ನೀರು ಬಿಡುವುದು, ನಾನು ಕಾಯಿ ಬಿಡಿಸುವುದು. ಮಾತು ಕಡಿಮೆ. ಊಟದಲ್ಲಿ ಉಪ್ಪು ಸಾಲದಿದ್ದರೂ ಹೇಳುತ್ತಿರಲಿಲ್ಲ, ಬೆರಳು ತೋರಿಸುತ್ತಿದ್ದರು.

ತಮಗೆಂದು ಒಂದೇ ಚಿತ್ರ ಬರೆದರು, ಹಳೆಯ ಬೋರ್ಡಿನ ತಗಡಿನ ಹಿಂದೆ. ಅದರಲ್ಲಿ ಹೊಳೆ ಆಕಾಶದಲ್ಲಿ ಹರಿಯುತ್ತದೆ. ಮೀನೂ ಇವೆ. ಕೆಳಗೆ ಬಿರುಕು ಬಿಟ್ಟ ನೆಲ, ಎಲೆ ಉದುರಿದ ಗಿಡಗಳು. ನಡುವೆ ಒಂದು ಬಾಗಿಲು, ಗೋಡೆ ಇಲ್ಲ. ಮನುಷ್ಯರಿಲ್ಲ. ನಾನೆಲ್ಲಿ ಎಂದು ಕೇಳಿದ್ದೆ. ಇನ್ನೂ ಮುಗಿದಿಲ್ಲ ಎಂದರು. ಮುಗಿಯುವ ಮೊದಲೇ ಎದೆನೋವು ಬಂತು. ಹೋದರು.

ಕೆಲವು ದಿನ ಕಳೆದ ಮೇಲೆ ಅವರ ಅಕ್ಕ ಕಸ್ತೂರೆವ್ವ ತಾಂಬಾದಿಂದ ಬಂದರು. ಗೋಡೆಯ ಮೇಲಿದ್ದ ಚಿತ್ರ ನೋಡಿ ಕುಂತಲ್ಲಿಂದ ಎದ್ದರು. ಸಾಯುವುದು ಅವನಿಗೆ ಗೊತ್ತಿತ್ತು, ಗಿಡವೆಲ್ಲ ಸತ್ತಿವೆ, ಇದನ್ನು ಮನೆಯಲ್ಲಿಡಬೇಡ, ಹೊಳೆಗೆ ಬಿಡು ಎಂದರು. ಅಪಶಕುನದ ಚಿಂತೆ ನನಗಿರಲಿಲ್ಲ. ನನ್ನ ಜೊತೆ ಇದ್ದೂ ಈ ಮನುಷ್ಯನ ಎದೆ ಇಷ್ಟು ಒಣಗಿತ್ತೇ, ನನಗೆ ತಿಳಿಯಲಿಲ್ಲವೇ, ಅದೇ ಕೊರೆಯುತ್ತಿತ್ತು. ಕೇಳಲು ಅವರಿಲ್ಲ.

ತಗಡು ಇಳಿಸಿದೆ. ಕಸ್ತೂರೆವ್ವ ಇನ್ನೊಂದು ಕಡೆ ಹಿಡಿದರು. ಹೊಸ್ತಿಲ ಬಿಸಿಲಿಗೆ ಬಂದಾಗ ನಿಂತುಬಿಟ್ಟರು.

"ಕಾವೇರಿ, ಇವು ನಿಂಬಿ ಗಿಡ ಅಲ್ಲೇನ? ಬುಡದ ಮಣ್ಣ ತಗದಾನ ನೋಡ. ಸತ್ತಿಲ್ಲ. ನೀರ ನಿಲ್ಲಿಸ್ಯಾನ."

ಹೂವಿಗೆ ಮುಂಚೆ ನಿಂಬೆಗೆ ನೀರು ನಿಲ್ಲಿಸುತ್ತೇವೆ. ಬುಡದ ಮಣ್ಣು ತೆಗೆದು ಬೇರು ಒಣಗಿಸುತ್ತೇವೆ. ಎಲೆ ಉದುರುತ್ತದೆ. ಆಮೇಲೆ ನೀರು ಬಿಟ್ಟರೆ ಗಿಡದ ತುಂಬ ಹೂವು. ಇಬ್ಬರೂ ವರ್ಷ ವರ್ಷ ಮಾಡಿದ ಕೆಲಸ. ಅಳುವ ಕಣ್ಣಿಗೆ ಕಂಡಿರಲಿಲ್ಲ.

ಮೇಲಿನ ಹೊಳೆ ನೋಡಿದೆ. ಬಿಡುವ ನೀರು ಅಲ್ಲಿ ಇಟ್ಟಿದ್ದರು.

"ಹುಚ್ಚಪ್ಯಾಲಿ," ಎಂದು ಕಸ್ತೂರೆವ್ವ ತಮ್ಮನನ್ನು ಬೈದು ಸೆರಗಿನಿಂದ ಮೂಗು ಒರೆಸಿಕೊಂಡರು. "ನೀರ ಯಾರರ ಮ್ಯಾಲ ಇಡ್ತಾರೇನ?" ನೀಲಿ ಬಣ್ಣದ ಡಬ್ಬಿ ಮೂಲೆಯಲ್ಲೇ ಇತ್ತು. ನೀನೇ ಬಣ್ಣ ಹಚ್ಚಿ ನೀರು ಕೆಳಗೆ ಇಳಿಸು ಎಂದರು.

"ನಿಲ್ಲಿಸಿದವ್ರೇ ಬಿಡಬೇಕ್ರಿ ಅಕ್ಕಾರ," ಎಂದೆ. ನಮ್ಮ ತೋಟದಲ್ಲಿ ಅದೇ ರೂಢಿ. ಅವರೂ ಬಲ್ಲರು.

ತಗಡನ್ನು ಮತ್ತೆ ಗೋಡೆಗೇ ಹಾಕಿದೆವು. ಕಸ್ತೂರೆವ್ವ ಸಂಜೆ ಟೆಂಪೋ ಹತ್ತಿದರು. ನನ್ನ ಗಂಡನ ಎದೆ ಒಣಗಿರಲಿಲ್ಲ, ಅಷ್ಟು ತಿಳಿಯಿತು. ಗಿಡಗಳು ಮಾತ್ರ ನೀರಿಗೆ ಕಾಯುತ್ತ ಹಾಗೇ ಇವೆ. ಚಿತ್ರದ ಎದುರಿಗೆ ಕುಂತು ಉಣ್ಣುತ್ತೇನೆ.