ಮೇ ತಿಂಗಳಲ್ಲಿ ಹೀಟರ್ ಹಾಕಿಕೊಂಡು ಕಾರವಾರಕ್ಕೆ

ಹಾರವಾಡದ ಹತ್ತಿರ ಬರುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕದಲ್ಲಿ ಅಕ್ಕ. ಹನ್ನೊಂದು ಗಂಟೆಗೆ ಕಾರವಾರದಲ್ಲಿ ಅವಳ ಡಯಾಲಿಸಿಸ್ ಸರದಿ. ಅದು ತಪ್ಪಿದರೆ ಮತ್ತೆ ಮೆಷಿನ್ ಸಿಗುವುದು ನಾಡಿದ್ದು.

ಕಾರು ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಯಾರೋ ಹಿಂದಿನಿಂದ ನನ್ನ ಕೈ ಹಿಡಿದರು.

"ಮುಟ್ಬೇಡಿ ಸರ್. ಮುಖ ಬೆಂದು ಹೋಗ್ತದೆ."

ಅಲ್ಲೇ ಕಾರವಾರದ ಬಸ್ಸಿಗೆ ಕಾಯುತ್ತಿದ್ದವರು, ಹೆಸರು ಪಾಂಡಣ್ಣ. ಮೀನು ಹಿಡಿಯುವ ಬೋಟಿನ ಇಂಜಿನ್ ನೋಡಿಕೊಳ್ಳುವ ಕೆಲಸವಂತೆ.

ಅರ್ಧ ಗಂಟೆ ಯಾರೂ ಏನೂ ಮುಟ್ಟಲಿಲ್ಲ. ನಾನು ವಾಚು ನೋಡುತ್ತಿದ್ದೆ, ಅವರು ಇಂಜಿನ್ ನೋಡುತ್ತಿದ್ದರು. ಬಸ್ಸೂ ಬರಲಿಲ್ಲ.

ತಣಿದ ಮೇಲೆ ಮುಚ್ಚಳ ತೆಗೆದರು. ಒಳಗೆಲ್ಲ ಬಿಳಿ ಉಪ್ಪಿನ ಪದರ.

"ಯಾವ ನೀರು ಹಾಕೂದು?"

"ಮನೆ ಬಾವೀದು."

"ಈಗ ಮೇ ತಿಂಗಳಲ್ಲಿ ನೀವು ಆ ನೀರು ಕುಡಿತ್ರಾ?"

ಕುಡಿಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಬಾವಿ ಉಪ್ಪಾಗುತ್ತದೆ ಎಂದು ಇಪ್ಪತ್ತು ವರ್ಷದಿಂದ ಪತ್ರಿಕೆಗಳಿಗೆ ಪತ್ರ ಬರೆಯುತ್ತಿರುವವನು ನಾನೇ. ಅದೇ ನೀರನ್ನು ಕಾರಿಗೆ ಸುರಿದಿದ್ದೆ...

"ನಮ್ಮ ಬೋಟಿಗೂ ಹೊರಗಿಂದ ತಂಪು ಮಾಡೂದು ಸಮುದ್ರದ ನೀರೇ ಸರ್. ಆದ್ರೆ ಇಂಜಿನ್ ಒಳಗೆ ತಿರುಗೂದು ಸಿಹಿನೀರು. ಉಪ್ಪು ಒಳಗೆ ಬಿಟ್ರೆ ಮುಗೀತು."

ಹತ್ತಿರದ ಮನೆಯಿಂದ ಕುಡಿಯುವ ನೀರು ತಂದು ನಿಧಾನವಾಗಿ ತುಂಬಿದರು. ಆಮೇಲೆ ಮುಂದಿನ ಸೀಟಿನಲ್ಲಿ ಕೂತು ಹೇಳಿದ್ದು ಕೇಳಿ ಇವರಿಗೆ ತಲೆ ಕೆಟ್ಟಿದೆಯೇ ಅನಿಸಿತು. ಎಸಿ ಬಂದ್, ಕಿಟಕಿ ಪೂರ್ತಿ ಕೆಳಗೆ, ಹೀಟರ್ ಫುಲ್.

ಇಂಜಿನ್ನಿನ ಬಿಸಿ ಹೀಟರ್ ಮೂಲಕವೂ ಹೊರಗೆ ಬರುತ್ತದೆಯಂತೆ. ಬರುವುದೆಲ್ಲ ನಮ್ಮ ಮೇಲೆ!

ಹಿಂದಿನ ಸೀಟಿಗೆ ಹೋಗಿದ್ದ ಅಕ್ಕ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಕಾರು ಹಿಂದೆ ತಿರುಗಿಸೋ. ಡಯಾಲಿಸಿಸ್ ಇಲ್ಲೇ ಆಯ್ತು."

ಮುಳ್ಳು ಮತ್ತೆ ಏರಿ ಮಧ್ಯಕ್ಕೆ ಬಂದಾಗ ನಾನು ಬ್ರೇಕ್ ಮೇಲೆ ಕಾಲಿಟ್ಟೆ.

"ಹೆದರ್ಬೇಡಿ, ಹೊಡೀರಿ. ತೊಂಬತ್ತು ಡಿಗ್ರಿ ಹತ್ರ ಇದ್ರೇ ಇಂಜಿನ್ ಸುಖವಾಗಿ ಇರೂದು. ತಣ್ಣಗಿದ್ರೆ ಡೀಸೆಲ್ ಸರಿ ಉರಿಯೂದಿಲ್ಲ, ಒಳಗೆ ಮಸಿ. ಮಧ್ಯ ದಾಟಿದ್ರೆ ನಾ ಹೇಳ್ತೆ, ನಿಲ್ಸಿ."

ಇಷ್ಟು ವರ್ಷ ಇಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ. ಎಷ್ಟೊಂದು ಪುಸ್ತಕ ಓದಿದ್ದೇನೆ, ಕಾರಿನ ಜೊತೆ ಕೊಟ್ಟ ಒಂದು ಪುಸ್ತಕ ಬಿಟ್ಟು.

ಬಿಣಗಾದಲ್ಲಿ ಮುಳ್ಳು ಮಧ್ಯ ದಾಟಿದಾಗ ಒಮ್ಮೆ ನಿಲ್ಲಿಸಲು ಹೇಳಿದರು, ಹತ್ತು ನಿಮಿಷ. ನಾನು ಕೇಳಿಕೊಂಡರೂ ಒಂದು ನಿಮಿಷ ಕಡಿಮೆ ಮಾಡಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಅಕ್ಕನ ಹೆಸರನ್ನು ನರ್ಸ್ ಕರೆಯುತ್ತಿದ್ದರು.

ನಾನು ಅವಳನ್ನು ಒಳಗೆ ಕೂರಿಸಿ ಹೊರಬಂದರೆ ಪಾಂಡಣ್ಣ ಇನ್ನೂ ಬಾನೆಟ್ ಎದುರೇ ನಿಂತಿದ್ದಾರೆ. "ರೇಡಿಯೇಟರ್ ತೊಳೆಸಿ ಕೂಲಂಟ್ ಹಾಕ್ಸಿ. ಅಲ್ಲಿವರೆಗೆ ಅಕ್ಕೋರನ್ನ ಇದ್ರಲ್ಲಿ ಕೂರಿಸ್ಬೇಡಿ."

ಪ್ರತಿ ಸಲ ಸರ್ವಿಸ್ ಹೆಸರಿನಲ್ಲಿ ಕಾರು ತೊಳೆದು, ಒಳಗೆ ಪರಿಮಳ ಹೊಡೆದು, ನಗುತ್ತಾ ಕೀಲಿಕೈ ಕೊಟ್ಟವರಲ್ಲಿ ಒಬ್ಬರಿಗಾದರೂ ಆ ಮುಚ್ಚಳ ತೆಗೆದು ನೋಡಬೇಕು ಅನಿಸಲಿಲ್ಲವಲ್ಲ, ಯಾಕೆ?